ಏರಿ ಒಡೆದ ನಾಡಿನ ಶಕ್ತಿ: ಹುಣಸೆ ಬೀಜದ ಆಟದ ಹಲಗೆ, ಹಂತ ಹಂತವಾಗಿ

ಆಟದ ಕಥೆ ಎರಡು ಸಾಲಿನದು. ಮಾಂತ್ರಿಕ ಶಕ್ತಿ ಒಂದು ಕಾಲಕ್ಕೆ ದೊಡ್ಡ ಕೆರೆಯಲ್ಲಿ ನಿಂತು, ತೂಬಿನಿಂದ ಇಳಿದು, ಕಾಲುವೆ ಹಿಡಿದು ಅಳತೆ ಪ್ರಕಾರ ಊರೂರಿಗೆ ಹೋಗುತ್ತಿತ್ತು. ಏರಿ ಒಡೆಯಿತು. ಈಗ ಅದು ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ, ಹಳೆಯ ಬಾವಿಗಳಲ್ಲಿ ಒಸರುತ್ತದೆ, ಹಿಡಿಸಲಾರದಷ್ಟಾದಾಗ ಉಕ್ಕಿ ಪಕ್ಕದ ನೆಲಕ್ಕೆ ನುಗ್ಗುತ್ತದೆ. ನಕ್ಷೆಗೆ ಆಧಾರ ಗದಗ ಸೀಮೆ: ಲಕ್ಕುಂಡಿಯ ಬಾವಿಗಳು, ಕಪ್ಪತಗುಡ್ಡದ ಸಾಲು, ಡಂಬಳ ಮತ್ತು ಮಾಗಡಿ ಕೆರೆ, ನಡುವೆ ಕಪ್ಪು ಮಣ್ಣಿನ ಎರೆ ಹೊಲ ಮತ್ತು ಕೆಂಪು ಮಣ್ಣಿನ ಮಸಾರಿ. ದೂರದ ಅಳತೆ ಹಲಗೆಗೆ ತಕ್ಕಂತೆ ಕುಗ್ಗಿದೆ, ದಿಕ್ಕು ಮಾತ್ರ ಸರಿ ಇದೆ.

ಹಾಕಿಕೊಂಡ ಷರತ್ತು ಒಂದೇ. ಕಂಪ್ಯೂಟರ್, ಫೋನ್ ಇಲ್ಲದೆ ಈ ಉಕ್ಕುವಿಕೆಯನ್ನು ಕೈಯಿಂದ ನಡೆಸಬೇಕು, ಮತ್ತು ಯಾರು ನಡೆಸಿದರೂ ಫಲಿತಾಂಶ ಒಂದೇ ಆಗಬೇಕು. ಹಲಗೆ ಕಟ್ಟುವುದು ಸುಲಭದ ಕೆಲಸ. ಸಮಯ ತಿಂದದ್ದು ಈ ಷರತ್ತಿನ ಎರಡನೇ ಭಾಗ.

ಹಂತ 1: ಹಲಗೆ

6 ಮಿ.ಮೀ ಪ್ಲೈವುಡ್, 2 ಅಡಿಗೆ 2 ಅಡಿ. ಬಡಗಿ ಅಂಗಡಿಯ ಉಳಿಕೆ ತುಂಡು ಸಾಕು, 180 ರೂಪಾಯಿ. ಮನೆಗಳು ಆರು ಮೂಲೆಯವು, ಒಟ್ಟು 37. ಸಾಲಿಗೆ 4, 5, 6, 7, 6, 5, 4 ಹೀಗೆ. ಸಾಲುಗಳಿಗೆ ಅ, ಆ, ಇ, ಈ, ಉ, ಊ, ಋ ಎಂದು ಹೆಸರು, ಮನೆಗೆ ಅಂಕಿ; ನಟ್ಟನಡುವಿನ ಮನೆ ಈ4.

ಒಂದು ಮನೆಯ ಅಗಲ (ಎದುರುಬದುರು ಬದಿಗಳ ನಡುವೆ) 7 ಸೆಂ.ಮೀ, ಒಂದು ಬದಿ 4.04 ಸೆಂ.ಮೀ, ಸಾಲಿನಿಂದ ಸಾಲಿಗೆ 6.06 ಸೆಂ.ಮೀ. ಪ್ರತಿ ಸಾಲು ಮೇಲಿನದಕ್ಕಿಂತ 3.5 ಸೆಂ.ಮೀ ಪಕ್ಕಕ್ಕೆ ಸರಿಯುತ್ತದೆ. ಇಡೀ ಚಿತ್ರ 49 ಸೆಂ.ಮೀ ಅಗಲ, 44.5 ಸೆಂ.ಮೀ ಎತ್ತರ ಆಗುತ್ತದೆ, ಸುತ್ತ ಕಾಲುವೆಗೆ ಜಾಗ ಉಳಿಯುತ್ತದೆ. ರಟ್ಟಿನ ಅಚ್ಚು ಕತ್ತರಿಸಿ ಒಂದರ ಪಕ್ಕ ಒಂದು ಇಟ್ಟು ಗೆರೆ ಎಳೆಯಬೇಡಿ. ಪೆನ್ಸಿಲ್ ದಪ್ಪ ಪ್ರತಿ ಮನೆಗೂ ಸೇರಿ ಕೊನೆಯ ಸಾಲು ಓರೆಯಾಗುತ್ತದೆ. ನಡುಗೆರೆಯಿಂದಲೇ ಎಲ್ಲ ಸಾಲುಗಳ ದೂರವನ್ನೂ ಅಳೆದು, ಮೊದಲು 37 ಕೇಂದ್ರದ ಚುಕ್ಕಿ ಇಟ್ಟು, ಆಮೇಲೆ ಕೈವಾರದಿಂದ 4.04 ತ್ರಿಜ್ಯ ಎಳೆದರೆ ಮೂಲೆಗಳು ತಾವೇ ಕೂಡುತ್ತವೆ.

ಮೊದಲ ಹಲಗೆಯಲ್ಲಿ ಮನೆ 5 ಸೆಂ.ಮೀ ಇತ್ತು. ಆರು ಬೀಜ ಮತ್ತು ಒಂದು ಆಟದ ಕಾಯಿ ಕೂತಾಗ ಅಂಗಿಯ ತೋಳು ತಾಗಿದರೂ ಬೀಜ ಪಕ್ಕದ ಮನೆಗೆ ಜಾರುತ್ತಿತ್ತು. ಅದನ್ನು ತೆಗೆದು ಹಾಕಿದ್ದಾಯಿತು. ನಕ್ಷೆಯನ್ನು ಫ್ಲೆಕ್ಸ್ ಮೇಲೆ ಮುದ್ರಿಸಿದ್ದೂ ದಂಡವಾಯಿತು (4 ಚದರ ಅಡಿ, 60 ರೂಪಾಯಿ): ಟ್ಯೂಬ್‌ಲೈಟ್ ಬೆಳಕು ಹೊಳೆದು ಗೆರೆ ಕಾಣುವುದಿಲ್ಲ, ಬೀಜ ನಿಲ್ಲುವುದಿಲ್ಲ. ಪ್ಲೈ ಮೇಲೆ ನೇರವಾಗಿ ಬಣ್ಣ ಹಚ್ಚಿ, ವಾರ್ನಿಶ್ ಕೊಡದೆ ಒರಟಾಗಿ ಬಿಟ್ಟದ್ದೇ ಸರಿಹೋಯಿತು. ಇನಾಮಲ್ ಪೇಂಟಿನ ಸಣ್ಣ ಡಬ್ಬಿ ನಾಲ್ಕು, 180 ರೂಪಾಯಿ. ಅಂಚಿಗೆ 10 ಮಿ.ಮೀ ಎತ್ತರದ ಬೀಡಿಂಗ್ ಪಟ್ಟಿ 8 ಅಡಿ, 96 ರೂಪಾಯಿ. ಹೊರಗೆ ಬಿದ್ದ ಬೀಜ ನೆಲಕ್ಕುರುಳದಂತೆ ತಡೆಯಲು.

ಹಂತ 2: ಬೀಜ ಮತ್ತು ಕವಡೆ

ಶಕ್ತಿಯ ಒಂದು ಘಟಕಕ್ಕೆ ಒಂದು ಹುಣಸೆ ಬೀಜ. ಒಂದು ಮುಖ ಕಂದು, ಇನ್ನೊಂದು ಬಿಳಿ ಇರಬೇಕು. ಹುರಿದು ಚಾಕುವಿನಿಂದ ಸೀಳಲು ಹೋದರೆ ಬೀಜ ಸಿಡಿದು ಮೂರು ಚೂರಾಗುತ್ತದೆ, ಚಾಕು ಜಾರಿ ಬೆರಳಿಗೂ ಬರುತ್ತದೆ. ಹಸಿ ಬೀಜವನ್ನು ತೊಳೆದು ಬಿಸಿಲಿಗೆ ಒಣಗಿಸಿ, 80 ನಂಬರಿನ ಸ್ಯಾಂಡ್‌ಪೇಪರನ್ನು ಕಲ್ಲಿನ ಮೇಲೆ ಹಾಸಿ, ಒಂದು ಮುಖವನ್ನಷ್ಟೇ ಚಪ್ಪಟೆಯಾಗುವತನಕ ತೇಯಬೇಕು. ಸಿಪ್ಪೆ ಹೋಗಿ ಬಿಳಿ ತಿರುಳು ಕಂಡರೆ ನಿಲ್ಲಿಸುವುದು. ಬಿಳಿ ಮುಖ ಕೈಬೆವರಿಗೆ ಬೇಗ ಮಾಸುತ್ತದೆ, ನುಸಿಯೂ ಅಲ್ಲಿಂದಲೇ ಹತ್ತುತ್ತದೆ. ಆ ಮುಖಕ್ಕೆ ಮಾತ್ರ ಒಂದು ಕೈ ವಾರ್ನಿಶ್ ಕೊಟ್ಟು ಪೂರ್ತಿ ಒಣಗಿದ ಮೇಲೆ ಡಬ್ಬಿಗೆ ಹಾಕಿ. ಸ್ಯಾಂಡ್‌ಪೇಪರ್ 30, ವಾರ್ನಿಶ್ 90 ರೂಪಾಯಿ.

ಪ್ರತಿ ಸುತ್ತಿನಲ್ಲಿ ಬಾವಿಯಿಂದ ಎಷ್ಟು ಶಕ್ತಿ ಒಸರುತ್ತದೆ ಎನ್ನುವುದನ್ನು ನಾಲ್ಕು ಕವಡೆ ಹೇಳುತ್ತವೆ (40 ರೂಪಾಯಿ). ಚೌಕಾಬಾರದ ಗರವೇ: ಬಾಯಿ ಮೇಲಾದ ಕವಡೆ ಎಣಿಸುವುದು, ನಾಲ್ಕೂ ಮೇಲಾದರೆ 4, ನಾಲ್ಕೂ ಬೋರಲಾದರೆ 8.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕವಡೆ ಎರಡೂ ಕಡೆ ಸಮನಾಗಿ ಬಿದ್ದರೆ ಸರಾಸರಿ ಗರ 2.5, ಎಂಟು ಬೀಳುವುದು 16 ಎಸೆತಕ್ಕೆ ಒಂದು. ಬಾಯಿ ಮೇಲಾಗುವುದು ನೂರಕ್ಕೆ 40 ಸಲ ಮಾತ್ರ ಎನ್ನುವಂಥ ಕವಡೆಯಾದರೆ ಸರಾಸರಿ 2.64, ಹೆಚ್ಚೇನೂ ಬದಲಾಗಿಲ್ಲ ಅನಿಸುತ್ತದೆ. ಆದರೆ ಎಂಟು ಬೀಳುವುದು ನೂರಕ್ಕೆ 6ರಿಂದ 13ಕ್ಕೆ ಏರಿಬಿಟ್ಟಿರುತ್ತದೆ. ಈ ಆಟದಲ್ಲಿ ಹಲಗೆ ಹಾಳು ಮಾಡುವುದು ಎಂಟೇ. ಹೊಸ ಕವಡೆ ತಂದರೆ ಒಂದೊಂದನ್ನೂ ಬೇರೆ ಬೇರೆ ಎಸೆದು ನೋಡಿ, ಒಂದೇ ಕಡೆ ವಾಲುವುದನ್ನು ಪಕ್ಕಕ್ಕಿಡಿ.

ಹಂತ 3: ಕೆಲಸ ಮಾಡದ ನಿಯಮ

ಶಕ್ತಿ ನೀರಿನಂತೆ ಮಟ್ಟಕ್ಕೆ ಬರಲಿ ಎನ್ನುವುದು ಯಾರಿಗಾದರೂ ಮೊದಲು ಹೊಳೆಯುವ ನಿಯಮ. ಹೆಚ್ಚಿರುವ ಮನೆ ಕಡಿಮೆ ಇರುವ ಪಕ್ಕದ ಮನೆಗೆ ವ್ಯತ್ಯಾಸದ ಅರ್ಧ ಕೊಡುತ್ತದೆ. ಎರಡು ಕಾರಣಕ್ಕೆ ಇದು ನಡೆಯುವುದಿಲ್ಲ.

ಸಾಲಾಗಿ ಮೂರು ಮನೆಯಲ್ಲಿ 6, 2, 0 ಬೀಜ ಇಡಿ. ಎಡದಿಂದ ಶುರು ಮಾಡಿದರೆ 4, 4, 0 ಆಗಿ, ಆಮೇಲೆ 4, 2, 2. ಬಲದಿಂದ ಶುರು ಮಾಡಿದರೆ 6, 1, 1 ಆಗಿ, ಐದರ ಅರ್ಧಕ್ಕೆ ಎರಡು ಹಿಡಿದರೆ 4, 3, 1. ಒಂದೇ ಹಲಗೆ, ಎರಡು ಉತ್ತರ. ನಡೆಸುವವನು ತನಗೆ ಬೇಕಾದ ಕಡೆಯಿಂದ ಶುರು ಮಾಡಿದರೆ ಆಟ ಅವನ ಕೈಯಲ್ಲಿ. ಬಿಳಿ ಮುಖ ಮೇಲೆ ಮಾಡಿ 'ಈ ಸುತ್ತಿನಲ್ಲಿ ಸರಿದ ಬೀಜ, ಮತ್ತೆ ಮುಟ್ಟಬಾರದು' ಎಂದು ಗುರುತಿಟ್ಟು ಇದನ್ನು ಸರಿಪಡಿಸಬಹುದು. ಆದರೆ ಒಂದು ಸುತ್ತಿಗೆ 90 ಗಡಿಗೆರೆಗಳನ್ನೂ ನೋಡಬೇಕು. ಕೈ ಸೋಲುತ್ತದೆ.

ಎರಡನೆಯದು ಇನ್ನೂ ಕೆಟ್ಟದ್ದು. ಸ್ವಲ್ಪ ಹೊತ್ತಿಗೆ ಎಲ್ಲ ಮನೆಯಲ್ಲೂ ಮೂರು ಮೂರು ಬೀಜ, ಎಲ್ಲೂ ಅಪಾಯವಿಲ್ಲ, ಎಲ್ಲೂ ಆಸೆಯಿಲ್ಲ. ದುರಂತ ಕಂಡ ನಾಡು ಹಾಗಿರುವುದಿಲ್ಲ.

ಹಂತ 4: ಉಕ್ಕುವ ನಿಯಮ

ಈಗ ಇರುವುದು ಇಷ್ಟು: ಮನೆಯಲ್ಲಿ 6 ಅಥವಾ ಹೆಚ್ಚು ಬೀಜ ಆದರೆ ಆ ಮನೆ ಉಕ್ಕುತ್ತದೆ. ಸರಿಯಾಗಿ ಆರು ಬೀಜ ಎತ್ತಿ ಸುತ್ತಲಿನ ಆರು ಮನೆಗೆ ಒಂದೊಂದು ಹಾಕುವುದು. ಪಕ್ಕದ್ದು ತುಂಬಿದರೆ ಅದೂ ಉಕ್ಕುತ್ತದೆ. ಅಂಚಿನ ಮನೆಯಾದರೆ ಹೊರಕ್ಕೆ ಹೋಗುವ ಬೀಜ ಕಾಲುವೆಗೆ. ಹೀಗೆ ಒಂದರ ಹಿಂದೆ ಒಂದು ಉಕ್ಕುವುದಕ್ಕೆ ಹೊನಲು ಎಂದು ಹೆಸರು; ಎಲ್ಲ ಮನೆ ಐದಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಾಗ ಹೊನಲು ನಿಂತಿತು.

ಯಾವ ಮನೆಯನ್ನು ಮೊದಲು ಉಕ್ಕಿಸಿದರೂ ಕೊನೆಯ ಹಲಗೆ ಒಂದೇ ಆಗಿರುತ್ತದೆ. ಇದು ಮರಳು ರಾಶಿಯ ಮಾದರಿ. ಬಾಕ್, ಟಾಂಗ್, ವೀಸೆನ್‌ಫೆಲ್ಡ್ ಎಂಬ ಭೌತವಿಜ್ಞಾನಿಗಳು 1987ರಲ್ಲಿ ಮುಂದಿಟ್ಟದ್ದು. ಕ್ರಮ ಬದಲಾದರೂ ಫಲ ಬದಲಾಗದು ಎಂಬುದನ್ನು 1990ರಲ್ಲಿ ತೋರಿಸಿದವರು ನಮ್ಮ ದೇಶದ ದೀಪಕ್ ಧರ್. ಆಟಕ್ಕೆ ಬೇಕಾದ ಸಿದ್ಧಾಂತ ಇಷ್ಟೇ.

ಅಂಚನ್ನು ಮುಚ್ಚಬೇಡಿ. 'ಶಕ್ತಿ ನಾಡಿನಿಂದ ಹೊರಗೆ ಹೋಗದು' ಎಂದು ಕಥೆಗಾಗಿ ಅಂಚು ಮುಚ್ಚಿ, ಅಂಚಿನ ಮನೆಗಳ ಮಿತಿಯನ್ನು ಅವುಗಳ ನೆರೆಮನೆಗಳಷ್ಟೇ ಇಟ್ಟರೆ (ಮೂಲೆಗೆ 3, ಬದಿಗೆ 4) ಹಲಗೆಯ ಮೇಲೆ 90ಕ್ಕಿಂತ ಕಡಿಮೆ ಬೀಜ ಇದ್ದಾಗ ಹೊನಲು ಖಂಡಿತ ನಿಲ್ಲುತ್ತದೆ, 143ಕ್ಕಿಂತ ಹೆಚ್ಚಿದ್ದಾಗ ಖಂಡಿತ ನಿಲ್ಲುವುದಿಲ್ಲ, ನಡುವೆ ಇದ್ದರೆ ಬೀಜ ಎಲ್ಲೆಲ್ಲಿವೆ ಎನ್ನುವುದರ ಮೇಲೆ ಹೋಗುತ್ತದೆ. 150 ಬೀಜ ಹಾಕಿ ಕೂತರೆ ಬೆಳತನಕ ಸರಿಸುತ್ತಲೇ ಇರಬೇಕು.

ನಿಯಮ ಕೈಗೆ ಸರಿಯಾಗಿ ಹತ್ತಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ. ನೆಲದ ವ್ಯತ್ಯಾಸ ಯಾವುದೂ ಇಲ್ಲದೆ 37 ಮನೆಗೂ ಐದೈದು ಬೀಜ ಇಡಿ, 185. ಈ4ಕ್ಕೆ ಇನ್ನೊಂದು ಹಾಕಿ. ಒಟ್ಟು 64 ಸಲ ಮನೆಗಳು ಉಕ್ಕಬೇಕು, 42 ಬೀಜ ಕಾಲುವೆಗೆ ಬೀಳಬೇಕು, 144 ಉಳಿಯಬೇಕು. ಉಳಿದ ಹಲಗೆ ಹೀಗೆ:

ಅ: 3 5 5 3
ಆ: 5 3 5 3 5
ಇ: 5 5 3 3 5 5
ಈ: 3 3 3 0 3 3 3

ಉ, ಊ, ಋ ಸಾಲುಗಳು ಇ, ಆ, ಅ ಸಾಲುಗಳಂತೆಯೇ. ಒಂದು ಅಂಕಿ ತಪ್ಪಿದರೂ ಎಲ್ಲೋ ಆರರ ಬದಲು ಮನೆಯಲ್ಲಿದ್ದ ಏಳನ್ನೂ ಎತ್ತಿದ್ದೀರಿ ಎಂದರ್ಥ. ಹೆಚ್ಚಿನ ತಪ್ಪು ಇದೇ. ಏಳಿದ್ದರೆ ಆರು ಎತ್ತಿ ಒಂದು ಬಿಡಬೇಕು.

ಈ4 ನಾಲ್ಕು ಸಲ ಉಕ್ಕುತ್ತದೆ, ಅದರ ಸುತ್ತಲಿನವು ಮೂರು ಸಲ, ಆಚೆಯ ಸುತ್ತು ಎರಡು, ಅಂಚಿನವು ಒಂದು. ಮನೆಯಲ್ಲಿ ನಿಂತ ಪಾತ್ರಕ್ಕೆ (ಆಡುವವರ ಕಾಯಿಗೆ) ಒಂದು ಉಕ್ಕುವಿಕೆಗೆ ಒಂದು ಗಾಯ ಎಂದು ಇಟ್ಟಿದ್ದೇವೆ, ಜೀವ ಐದು. ನಡುವೆ ನಿಂತವನು ಬದುಕುತ್ತಾನೆ, ಅಷ್ಟೇ. ಗಾಯದ ಎಣಿಕೆ ನೆನಪಿನಲ್ಲಿ ಉಳಿಯುವುದಿಲ್ಲ. ಪ್ರತಿ ಉಕ್ಕಿಗೆ ಪಾತ್ರದ ಬುಡದಲ್ಲಿ ಒಂದು ಜೋಳದ ಕಾಳು ಇಡಿ.

ಬಿಳಿ ಮುಖಕ್ಕೆ ಈಗ ಬೇರೆ ಕೆಲಸ. ಉಕ್ಕಿದ ಶಕ್ತಿ ಬಿಸಿ, ಆ ಸುತ್ತಿನಲ್ಲಿ ಮಂತ್ರಕ್ಕೆ ಬರುವುದಿಲ್ಲ. ಸರಿದ ಬೀಜವನ್ನೇ ಬಿಳಿ ಮಾಡಲು ಹೋದರೆ ಮತ್ತೆ ಕ್ರಮದ ಜಗಳ ಹುಟ್ಟುತ್ತದೆ, ಯಾಕೆಂದರೆ ಯಾವ ಬೀಜ ಸರಿಯಿತು ಎನ್ನುವುದು ಎತ್ತಿದವರ ಕೈಗೆ ಬಿಟ್ಟದ್ದು. ಹೊನಲು ನಿಂತ ಮೇಲೆ, ಒಂದು ಸಲವಾದರೂ ಉಕ್ಕಿದ ಮನೆಯ ಬೀಜಗಳನ್ನೆಲ್ಲ ಬಿಳಿ ಮಾಡಿ. ಯಾವ ಮನೆಗಳು ಉಕ್ಕಿದವು ಎನ್ನುವುದು ಯಾರು ನಡೆಸಿದರೂ ಬದಲಾಗುವುದಿಲ್ಲ. ಮುಂದಿನ ಗರದ ಮುಂಚೆ ಮತ್ತೆ ಕಂದು.

ಹಂತ 5: ನೆಲ

ಗುಡ್ಡ 5 ಮನೆ, ಎರೆ 9, ಕೆರೆ 2, ಬಾವಿ 3, ಉಳಿದ 18 ಮಸಾರಿ. ಮಸಾರಿಗೂ ಬಾವಿಗೂ ಮೇಲಿನ ನಿಯಮವೇ. ಬಾವಿ ಮೂರೂ ಲಕ್ಕುಂಡಿಯವು: ಮುಸುಕಿನ ಬಾವಿ, ಕನ್ನೇರ ಬಾವಿ, ಛಬ್ಬೇರ ಬಾವಿ. ಗರ ಸರದಿಯಂತೆ ಒಂದೊಂದಕ್ಕೆ ಬೀಳುತ್ತದೆ. ಮೂರಕ್ಕೂ ಹಂಚಿದರೆ ಯಾವುದೂ ಉಕ್ಕದೆ ಆಟ ಸಪ್ಪೆಯಾಗುತ್ತದೆ.

ಗುಡ್ಡದ ಮಿತಿ 8. ಉಕ್ಕಿದಾಗ ಆರೇ ಕೊಡುತ್ತದೆ, ಎರಡು ಉಳಿಸಿಕೊಳ್ಳುತ್ತದೆ.

ಎರೆ ಹೊಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಅದನ್ನೇ ಹಲಗೆಗೆ ತಂದದ್ದು: ಬೇಸಿಗೆಯಲ್ಲಿ ಎರೆಯ ಮಿತಿ 7, ಉಕ್ಕಿದರೆ ಆರು ನೆರೆಮನೆಗೆ, ಒಂದು ಬಿರುಕಿಗೆ (ಪಕ್ಕದ ಬಟ್ಟಲಿಗೆ). ಮಳೆಗಾಲದಲ್ಲಿ ಮಿತಿ 6, ಬಿರುಕಿಲ್ಲ. ಇದರಿಂದ ಯಾರೂ ಬರೆಯದ ಒಂದು ನಿಯಮ ತಾನೇ ಹುಟ್ಟಿತು. ಬೇಸಿಗೆಯಲ್ಲಿ ಆರು ಬೀಜ ಹೊತ್ತು ತಣ್ಣಗೆ ಕೂತ ಎರೆ ಮನೆಗಳೆಲ್ಲ ಮಳೆಗಾಲ ಶುರುವಾಯಿತು ಎನ್ನುವ ಮಿರಗದ (ಮೃಗಶಿರ) ಮಳೆಯ ಚೀಟಿ ತಿರುವಿದ ಗಳಿಗೆಗೆ ಒಟ್ಟಿಗೆ ಉಕ್ಕುತ್ತವೆ. ಆಟ ಬಲ್ಲವರು ಮಳೆ ಬರುವ ಮುಂಚೆ ಮಸಾರಿಗೆ ದಾಟುತ್ತಾರೆ, ಹೊಸಬರು ಬೇಸಿಗೆಯ ಎರೆಯನ್ನು ನಂಬಿ ಅಲ್ಲೇ ಬಿಡಾರ ಹೂಡುತ್ತಾರೆ.

ಬಟ್ಟಲಿಗೆ ಹೋದದ್ದು ಮಳೆಗಾಲದಲ್ಲಿ ಮರಳಬೇಕು. ಎಲ್ಲವನ್ನೂ ಒಂದೇ ಸಲ ಬಾವಿಗೆ ಸುರಿದರೆ ಪ್ರತಿ ವರ್ಷ ಅದೇ ಹೊತ್ತಿಗೆ ಅದೇ ದೊಡ್ಡ ಹೊನಲು. ಎಲ್ಲರೂ ಬಾವಿಯಿಂದ ದೂರ ಹೋಗಿ ನಿಂತು ನೋಡುವುದು, ಅಷ್ಟೇ. ಸುತ್ತಿಗೆ ಎರಡರಂತೆ, ಸರದಿಯ ಬಾವಿಗೆ.

ಕೆರೆಯೇ ಹೆಚ್ಚು ಕಾಡಿದ್ದು. ಮಿತಿ 18. ತುಂಬಿದರೆ ಕೋಡಿ ಬೀಳುತ್ತದೆ, ಕೋಡಿಯ ದಿಕ್ಕಿನ ಒಂದೇ ಮನೆಗೆ. ಆ ದಿಕ್ಕಿಗೆ ಕೆಂಪು ಬಣ್ಣದ ಬಾಣ. ಮೊದಲು 'ತುಂಬಿದ ಕೆರೆ ಇದ್ದದ್ದನ್ನೆಲ್ಲ ಬಿಡುತ್ತದೆ' ಎಂದಿತ್ತು. ಹದಿನೆಂಟಾದ ಕೂಡಲೇ ಬಿಟ್ಟರೆ ಹದಿನೆಂಟು ಹೋಗುತ್ತದೆ; ಪಕ್ಕದ ಎರಡು ಮನೆ ಉಕ್ಕಿ ಇಪ್ಪತ್ತಾದ ಮೇಲೆ ಬಿಟ್ಟರೆ ಇಪ್ಪತ್ತು ಹೋಗುತ್ತದೆ. ಮತ್ತೆ ಎರಡು ಉತ್ತರ. ಹಂತ 3ರಲ್ಲಿ ಅರ್ಧ, ಇಲ್ಲಿ ಎಲ್ಲ, ರೋಗ ಒಂದೇ. ಕೊಡುವುದು ಎಷ್ಟು ಇದೆ ಎನ್ನುವುದರ ಮೇಲೆ ನಿಲ್ಲಬಾರದು, ಗಟ್ಟಿ ಸಂಖ್ಯೆ ಇರಬೇಕು. ಈಗ ಕೋಡಿ ಬಿದ್ದರೆ 6, ಇನ್ನೂ 18 ಇದ್ದರೆ ಮತ್ತೆ 6.

ಆಗ ಕೆರೆಯಲ್ಲಿ 12 ಯಾವಾಗಲೂ ತಳದಲ್ಲಿ ಉಳಿಯುತ್ತದೆ. ಇದು ನಿಜದ ಕೆರೆಗೂ ಒಪ್ಪುತ್ತದೆ, ಕೋಡಿಯ ಮಟ್ಟದ ಕೆಳಗಿನ ನೀರು ಕೋಡಿಯಿಂದ ಹೊರಡುವುದಿಲ್ಲ. ಅದಕ್ಕೆ ತೂಬು ಬೇಕು. ಕೆರೆಯ ಪಕ್ಕದ ಮನೆಯಲ್ಲಿ ನಿಂತ ಪಾತ್ರ ಒಂದು ಸರದಿ ಕಳೆದು ತೂಬು ಎತ್ತಿದರೆ ಆರು ಬೀಜ ತಾನು ನಿಂತ ಮನೆಗೇ ಬರುತ್ತದೆ. ಆರು ಬಂದ ಮಸಾರಿ ಉಕ್ಕದೆ ಇರುವುದಿಲ್ಲ. ಗಾಯವನ್ನು ಲೆಕ್ಕ ಹಾಕಿಯೇ ಎತ್ತಬೇಕು.

ಎರಡು ಕೆರೆ ಪಕ್ಕಪಕ್ಕ ಇಟ್ಟು ಕೋಡಿಗಳನ್ನು ಎದುರುಬದುರು ಮಾಡಬೇಡಿ. ಒಂದರಲ್ಲಿ 18, ಇನ್ನೊಂದರಲ್ಲಿ 17 ಇದ್ದರೆ: 12 ಮತ್ತು 23, ಆಮೇಲೆ 18 ಮತ್ತು 17, ಮತ್ತೆ 12 ಮತ್ತು 23. ಎಂದೂ ಮುಗಿಯದು. ಪ್ರತಿ ಮನೆಯಿಂದಲೂ ಬಾಣ ಹಿಡಿದು ಹೋದರೆ ಹೊರಗಿನ ಕಾಲುವೆ ಮುಟ್ಟುವ ದಾರಿ ಒಂದಾದರೂ ಇರಬೇಕು.

ಬೀಜ ಎಷ್ಟು ಬೇಕು? ಸಮತಟ್ಟು ಹಲಗೆಗೆ 185, ಗುಡ್ಡಕ್ಕೆ 10, ಎರೆಗೆ 9, ಕೆರೆಗಳಿಗೆ 24 ಹೆಚ್ಚುವರಿ, 228. ಗರದ 8, ಬಿರುಕಿನ ಬಟ್ಟಲು, ಕಳೆದುಹೋಗುವುದು ಎಲ್ಲ ಹಿಡಿದು 300 ಮಾಡಿಟ್ಟುಕೊಳ್ಳಿ. 400 ಗ್ರಾಂ ಬೀಜ ತೇಯಲು ತೆಗೆದುಕೊಂಡರೆ ಒಡೆದದ್ದು ಕಳೆದೂ ಸಾಲುತ್ತದೆ. ಹುಣಸೆಹಣ್ಣು ಬಿಡಿಸುವ ಮನೆಯಲ್ಲಿ ಕೇಳಿದರೆ ದುಡ್ಡು ಕೊಡಬೇಕಾಗಿಲ್ಲ.

ಹಂತ 6: ಮಂತ್ರ

ಪಾತ್ರ ತಾನು ನಿಂತ ಮನೆಯಿಂದಲೇ ಶಕ್ತಿ ಎಳೆಯಬಹುದು ಎಂದಿಟ್ಟಾಗ ಎಲ್ಲರೂ ಕಾಲಬುಡವನ್ನು ಖಾಲಿ ಮಾಡಿಕೊಂಡು ಸುರಕ್ಷಿತವಾಗಿ ಕೂತರು. ತಿರುಗಿಸಿದೆವು: ಎಳೆಯುವುದು ಪಕ್ಕದ ಒಂದು ಮನೆಯಿಂದ, ಅಲ್ಲಿ ಬೇಕಾದಷ್ಟು ಕಂದು ಬೀಜ ಇದ್ದರೆ ಮಾತ್ರ. ಅದರಲ್ಲಿ ಒಂದು ತನ್ನ ಮನೆಗೆ ಬೀಳುತ್ತದೆ, ಉಳಿದದ್ದು ಖರ್ಚು. ದೀಪಕ್ಕೆ 2, ಗಾಯ ಮಾಯಿಸಲು 3, ದಾರಿಗೆ ಅಡ್ಡಗೋಡೆ ಎಬ್ಬಿಸಲು 4. ಪ್ರತಿ ಮಂತ್ರಕ್ಕೂ ಕಾಲಕೆಳಗೆ ಒಂದು ಬೀಜ ಕೂಡುತ್ತ ಹೋಗುತ್ತದೆ. ಒಂದೇ ಕಡೆ ನಿಂತು ಮಂತ್ರ ಹಾಕುವವರು ಹೆಚ್ಚು ಹೊತ್ತು ನಿಲ್ಲಲಾರರು.

ನಾಲ್ವರು ಆಡಿದರೆ ಸರಾಸರಿ 2.5ರ ಒಸರು ಸಾಲದು, ಹಲಗೆ ಒಣಗುತ್ತದೆ. ನಾಲ್ವರಿಗೆ ಸುತ್ತಿಗೆ ಎರಡು ಗರ, ಎರಡು ಬೇರೆ ಬಾವಿಗೆ. ಆರಂಭಕ್ಕೆ ಮನೆಗೆ ಮೂರು, ಕೆರೆಗೆ 12. ನಾಲ್ಕು ಇಟ್ಟು ಶುರು ಮಾಡಿದ ಆಟದಲ್ಲಿ ಬಾವಿಗೆ ಮೊದಲ ಗರವೇ ಎಂಟು ಬಿದ್ದರೆ ಯಾರೂ ಕಾಯಿ ಮುಟ್ಟುವ ಮುಂಚೆ ಊರು ಮುಳುಗಿರುತ್ತದೆ.

ಖರ್ಚು ಒಟ್ಟು 616 ರೂಪಾಯಿ, ದಂಡವಾದ ಫ್ಲೆಕ್ಸ್ ಸೇರಿದರೆ 676.

ಹಂತ 7: ಗಾಳಿ, ಇನ್ನೂ ನಡೆದಿದೆ

ಗದಗಿನ ಗುಡ್ಡದ ಮೇಲೆ ಗಾಳಿಯಂತ್ರ ಇಲ್ಲದ ನಕ್ಷೆ ಗದಗಿನದಲ್ಲ. ಆಟದಲ್ಲಿ ಅವು ಮುರಿದ ಕಂಬಗಳು, ಆದರೆ ಗುಡ್ಡದ ಶಕ್ತಿಯನ್ನು ಗಾಳಿ ಬೀಸುವ ಕಡೆಗೆ ಹೆಚ್ಚು ತಳ್ಳಬೇಕು. 'ಗುಡ್ಡದ ಬೀಜವೆಲ್ಲ ಗಾಳಿಯ ದಿಕ್ಕಿಗೆ' ಎನ್ನುವುದು ಕೆರೆಯ ಹಳೆಯ ರೋಗವೇ, ಆದ್ದರಿಂದ ಮೊದಲೇ ಬಿಟ್ಟೆವು. ಈಗ ಪರೀಕ್ಷೆಯಲ್ಲಿರುವುದು: ಗುಡ್ಡ ಉಕ್ಕಿದಾಗ ಗಾಳಿ ಹೋಗುವ ಕಡೆಯ ಮನೆಗೆ 2, ಗಾಳಿ ಬರುವ ಕಡೆಗೆ ಏನೂ ಇಲ್ಲ, ಉಳಿದ ನಾಲ್ಕಕ್ಕೆ ಒಂದೊಂದು. ಒಟ್ಟು ಆರೇ, ಗಟ್ಟಿ ಸಂಖ್ಯೆ, ಕ್ರಮದ ತೊಂದರೆಯಿಲ್ಲ. ಗಾಳಿಯ ದಿಕ್ಕು ಬದಲಾಗುವುದು ಎರಡು ಹೊನಲುಗಳ ನಡುವೆ ಮಾತ್ರ. ಹೊನಲು ನಡೆದಿರುವಾಗ ಬಾಣ ತಿರುಗಿಸಿದರೆ ಯಾವ ಗುಡ್ಡ ಮೊದಲು ಉಕ್ಕಿತು ಎಂಬುದು ಮತ್ತೆ ಲೆಕ್ಕಕ್ಕೆ ಬರುತ್ತದೆ.

ನಿಯಮ ಸರಿಯಿದೆ, ಕೈ ತಪ್ಪುತ್ತದೆ. ಮಸಾರಿಯ ಅಭ್ಯಾಸದಲ್ಲಿ ಗುಡ್ಡದ ಬೀಜವನ್ನೂ ಆರೂ ಕಡೆ ಹಾಕಿಬಿಡುತ್ತಾರೆ. ರಟ್ಟಿನ ಬಾಣವನ್ನು ಹಲಗೆಯ ಮೂಲೆಯಲ್ಲಿ ಇಟ್ಟಾಗ ಯಾರೂ ನೋಡಲಿಲ್ಲ. ಐದು ಗುಡ್ಡದ ಮನೆಗೂ ಒಂದೊಂದು ಬಾಣ, ನಡುವೆ ಗುಂಡುಪಿನ್ನು ಚುಚ್ಚಿ ತಿರುಗುವಂತೆ ಮಾಡಿದ ಮೇಲೆ ತಪ್ಪು ಕಡಿಮೆಯಾಗಿದೆ. ಪಿನ್ನಿನ ತುದಿ 6 ಮಿ.ಮೀ ಪ್ಲೈ ದಾಟಿ ಕೆಳಗೆ ಬರುತ್ತದೆ, ಹಲಗೆ ಎತ್ತುವಾಗ ಕೈಗೆ ಚುಚ್ಚುತ್ತದೆ. ಇಕ್ಕಳದಿಂದ ಮಡಚಿ ಮೇಲೆ ಟೇಪ್ ಹಚ್ಚಿ.